ಮನೆಯಂಗಳದ ಪಿಜ್ಜಾ ಓವನ್: ಅಗ್ಗದ್ದೋ ದುಬಾರಿಯದ್ದೋ, ನಾಲ್ಕನೆಯ ಪಿಜ್ಜಾ ನೋಡಿ ತೀರ್ಮಾನಿಸುವ ಕ್ರಮ

ದಾವಣಗೆರೆಯ ನಾಲ್ಕಾರು ಮನೆಗಳ ತಾರಸಿಯ ಮೇಲೆ ನಾನು ಒಂದೇ ಬಗೆಯ ಸೋಲನ್ನು ಕಂಡಿದ್ದೇನೆ. ಹೊಸ ಓವನ್‌ನಲ್ಲಿ ಮೊದಲ ಪಿಜ್ಜಾ ಚೆನ್ನಾಗಿ ಬರುತ್ತದೆ, ಎರಡನೆಯದರ ತಳ ಬೆಳ್ಳಗೆ ಉಳಿಯುತ್ತದೆ, ಮೂರನೆಯದರ ಮೇಲ್ಭಾಗ ಕರಕಲಾಗಿ ಒಳಗೆ ಹಸಿ ಹಿಟ್ಟು ಸಿಗುತ್ತದೆ. ಅಗ್ಗದ ಓವನ್ ತಂದವರು ದುಬಾರಿಯದ್ದನ್ನೇ ತರಬೇಕಿತ್ತೆಂದು ಕೊರಗುತ್ತಾರೆ. ದುಬಾರಿಯದ್ದನ್ನು ತಂದವರು ಹಣ ದಂಡವಾಯಿತೆಂದು ಕೊರಗುತ್ತಾರೆ. ಇಬ್ಬರೂ ಕೊಳ್ಳುವಾಗ ನೋಡಿದ್ದು ಪೆಟ್ಟಿಗೆಯ ಮೇಲಿನ ‘500 ಡಿಗ್ರಿ’ ಎಂಬ ಅಂಕಿಯನ್ನು. ಆ ಅಂಕಿ ಎರಡೂ ಬಗೆಯ ಓವನ್‌ಗಳ ಮೇಲೆ ಇರುವುದರಿಂದ ಹೋಲಿಕೆಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಹೋಲಿಸಬೇಕಾದದ್ದು ಓವನ್‌ನೊಳಗೆ ಪಿಜ್ಜಾ ಕೂರುವ ಚಪ್ಪಟೆ ಕಲ್ಲನ್ನು. ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಿನ ದಪ್ಪ ಕಾವಲಿಯ ಮೇಲೆ ಒಂದರ ಹಿಂದೊಂದು ದೋಸೆ ಹೊಯ್ದರೂ ಬಣ್ಣ ಕೆಡುವುದಿಲ್ಲ. ಮನೆಯ ತೆಳು ತವಾದ ಮೇಲೆ ಎರಡನೆಯ ದೋಸೆಗೇ ಶಾಖ ಇಳಿಯುತ್ತದೆ. ಪಿಜ್ಜಾ ಓವನ್‌ಗಳ ನಡುವಿನ ನಿಜವಾದ ಅಂತರವೂ ಇದೇ. ಒಂದು ಪಿಜ್ಜಾ ತೆಗೆದ ಮೇಲೆ ಕಲ್ಲು ಎಷ್ಟು ಇಳಿಯುತ್ತದೆ ಮತ್ತು ಎಷ್ಟು ನಿಮಿಷದಲ್ಲಿ ಮತ್ತೆ ಏರುತ್ತದೆ ಎಂಬುದನ್ನು ಅಳೆದರೆ, ನಿಮ್ಮ ಮನೆಗೆ ಯಾವುದು ಸಾಕೆಂಬುದು ತಾನಾಗಿ ತಿಳಿಯುತ್ತದೆ. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ಮೂರನೆಯ ಹಂತವನ್ನು ಬಿಟ್ಟು ನಾಲ್ಕಕ್ಕೆ ಹೋದವರೇ ಹೆಚ್ಚಾಗಿ ಓವನ್ ಹಿಂದಿರುಗಿಸಲು ಅಲೆಯುತ್ತಿರುತ್ತಾರೆ.

ಹಂತ 1: ತಿನ್ನುವವರನ್ನೂ ಸಂಜೆಗಳನ್ನೂ ಎಣಿಸಿ

ಒಂದು ಸಂಜೆಗೆ ಎಷ್ಟು ಪಿಜ್ಜಾ ಬೇಕು, ತಿಂಗಳಿಗೆ ಎಷ್ಟು ಸಂಜೆ ಓವನ್ ಹಚ್ಚುತ್ತೀರಿ ಎಂಬ ಎರಡು ಸಂಖ್ಯೆಗಳನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಹನ್ನೆರಡು ಇಂಚಿನ ಒಂದು ಪಿಜ್ಜಾ ಹಸಿದ ಒಬ್ಬರಿಗೆ ಊಟವಾಗುತ್ತದೆ. ನಾಲ್ವರ ಮನೆಗೆ ನಾಲ್ಕು ಸಾಕು. ನೆಂಟರು ಬಂದರೆ ಹತ್ತು ಹನ್ನೆರಡು ಬೇಕಾಗುತ್ತವೆ. ನಾಲ್ಕಕ್ಕೆ ಸಾಲುವ ಓವನ್ ಹನ್ನೆರಡಕ್ಕೆ ಸಾಲದೆ ಹೋಗಬಹುದು.

ಅಳತೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಹೊಸಬರು 12 ಇಂಚಿನ ಓವನ್‌ನಲ್ಲಿ 12 ಇಂಚಿನ ಪಿಜ್ಜಾ ಮಾಡಬಾರದು. ಹಿಂಬದಿಯ ಉರಿಗೆ ಅಂಚು ತಾಗುತ್ತದೆ ಮತ್ತು ತಿರುಗಿಸಲು ಜಾಗ ಇರುವುದಿಲ್ಲ. ಹತ್ತು ಇಂಚಿಗೆ ನಿಲ್ಲಿಸಿದರೆ ಅರ್ಧದಷ್ಟು ತೊಂದರೆ ಅಲ್ಲಿಯೇ ಮುಗಿಯುತ್ತದೆ.

ಹಂತ 2: ಜಾಗ ಮತ್ತು ಗಾಳಿ

ಓವನ್‌ನ ಸುತ್ತ ಕನಿಷ್ಠ ಒಂದು ಮೀಟರ್ ಖಾಲಿ ಜಾಗವಿರಬೇಕು, ಮೇಲೆ ಆಕಾಶವಿರಬೇಕು. ತಗಡಿನ ಶೀಟಿನ ಕೆಳಗೆ, ಶಾಮಿಯಾನದ ಕೆಳಗೆ, ಪ್ಲಾಸ್ಟಿಕ್ ನೀರಿನ ಟ್ಯಾಂಕಿನ ಪಕ್ಕದಲ್ಲಿ ಅಥವಾ ಬಟ್ಟೆ ಒಣಹಾಕುವ ಹಗ್ಗದ ಹತ್ತಿರ ಇಡಕೂಡದು. ಪ್ಲಾಸ್ಟಿಕ್ ಮೇಜು ಬೇಡವೇ ಬೇಡ. ಇಟ್ಟಿಗೆಯ ಎರಡು ಕಂಬಗಳ ಮೇಲೆ ಸಿಮೆಂಟಿನ ಚಪ್ಪಡಿ ಹಾಕಿಸಿದರೆ ಸಾಕಾಗುತ್ತದೆ.

ಗಾಳಿಯನ್ನು ಹಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವ ಸೀಮೆ ಇದು. ಆಷಾಢದ ಗಾಳಿಯಲ್ಲಿ ಮೂರನೆಯ ಮಹಡಿಯ ತಾರಸಿಯ ಮೇಲೆ ಓವನ್‌ನ ಬಾಯಿಯನ್ನು ಪಶ್ಚಿಮಕ್ಕೆ ತೆರೆದಿಟ್ಟರೆ ಯಾವ ಬೆಲೆಯ ಓವನ್ ಆದರೂ ಕಾಯುವುದಿಲ್ಲ. ಗಾಳಿ ಬಾಯಿಗೆ ನೇರವಾಗಿ ನುಗ್ಗಬಾರದು, ಹಿಂಬದಿಯ ಬರ್ನರಿಗೂ ನೇರವಾಗಿ ಹೊಡೆಯಬಾರದು. ತಾರಸಿಯ ಗೋಡೆಯನ್ನು ಒಂದು ಕಡೆಯ ತಡೆಯಾಗಿ ಬಳಸಿ, ಉಳಿದ ಕಡೆ ತೆರೆದಿಡಿ. ಗಾಳಿ ತಡೆಯಲೆಂದು ನಾಲ್ಕೂ ಕಡೆ ತಗಡು ನಿಲ್ಲಿಸುವುದು ಅಪಾಯಕಾರಿ, ಏಕೆಂದರೆ ಉರಿಗೆ ಬೇಕಾದ ಗಾಳಿ ಸಿಗದೆ ಹೋಗುತ್ತದೆ ಮತ್ತು ಸೋರಿದ ಗ್ಯಾಸ್ ಅಲ್ಲಿಯೇ ನಿಲ್ಲುತ್ತದೆ.

ಹಂತ 3: ಇಂಧನ ಮತ್ತು ಒತ್ತಡ

ನಮ್ಮ ಮನೆಗಳ 14.2 ಕೆ.ಜಿ. ಸಿಲಿಂಡರಿನ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಬಿಡುತ್ತದೆ. ಓವನ್‌ನ ಹಿಂಬದಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಅದಕ್ಕೆ ಬೇಕಾದ ಒತ್ತಡವನ್ನು ಬರೆದಿರುತ್ತಾರೆ. ಅದು 28ರಿಂದ 30ರ ಆಸುಪಾಸಿನಲ್ಲಿ ಇರಬೇಕು. ಚೀಟಿಯಲ್ಲಿ 50 ಎಂದಿದ್ದರೆ ನಮ್ಮ ರೆಗ್ಯುಲೇಟರಿಗೆ ಉರಿ ಸೊರಗುತ್ತದೆ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಓವನ್‌ನ ಗ್ಯಾಸ್ ಜೋಡಣೆ ನಮ್ಮ ಸಿಲಿಂಡರಿನ ಬಾಯಿಗೆ ಕೂರುವುದೇ ಇಲ್ಲ. ವಿದೇಶದಿಂದ ಮಕ್ಕಳ ಕೈಯಲ್ಲಿ ತರಿಸುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಉರಿ ಸಾಲದೆಂದು ಅಡುಗೆ ಭಟ್ಟರ ದೊಡ್ಡ ಒಲೆಗಳಿಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರನ್ನು ಮನೆಯ ಓವನ್‌ಗೆ ಜೋಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಓವನ್‌ನ ಜೆಟ್ಟು, ನಳಿಗೆ, ಕೀಲಿ ಯಾವುದೂ ಆ ಒತ್ತಡಕ್ಕೆ ಮಾಡಿದ್ದಲ್ಲ.

ಖರ್ಚಿನ ಲೆಕ್ಕ ಸುಲಭ. ಬರ್ನರಿನ ಶಕ್ತಿಯನ್ನು ಕಿಲೋವ್ಯಾಟ್‌ನಲ್ಲಿ ಬರೆದಿರುತ್ತಾರೆ. ಪ್ರತಿ ಕಿಲೋವ್ಯಾಟ್‌ಗೆ ಗಂಟೆಗೆ ಸುಮಾರು 80 ಗ್ರಾಂ ಗ್ಯಾಸ್ ಎಂದು ಹಿಡಿಯಿರಿ. ನಾಲ್ಕು ಕಿಲೋವ್ಯಾಟ್‌ನ ಬರ್ನರ್ ಪೂರ್ಣ ಉರಿಯಲ್ಲಿ ಗಂಟೆಗೆ 300 ಗ್ರಾಂಗಿಂತ ಸ್ವಲ್ಪ ಹೆಚ್ಚು ಸುಡುತ್ತದೆ. ತಿಂಗಳಿಗೆ ನಾಲ್ಕು ಭಾನುವಾರ ಎರಡೆರಡು ಗಂಟೆ ಉರಿಸಿದರೆ ಸುಮಾರು ಎರಡೂವರೆ ಕೆ.ಜಿ., ಅಂದರೆ ಒಂದು ಸಿಲಿಂಡರಿನ ಆರನೆಯ ಒಂದು ಪಾಲು. ದುಬಾರಿ ಓವನ್ ಗ್ಯಾಸ್ ಉಳಿಸಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ ಎಂಬ ಮಾರಾಟದ ಮಾತನ್ನು ಈ ಲೆಕ್ಕದ ಮುಂದಿಟ್ಟು ನೋಡಿ.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಕೆಳಕ್ಕೆ ಹರಿಯುತ್ತದೆ. ತಾರಸಿಯಲ್ಲಿ ಮೆಟ್ಟಿಲಿನ ಬಾಯಿಯ ಹತ್ತಿರವಾಗಲಿ, ನೀರು ಹೋಗುವ ಕಿಂಡಿಯ ಹತ್ತಿರವಾಗಲಿ ಅದನ್ನು ಇಡಬಾರದು. ತಂತಿಯ ಬಲ ಕೊಟ್ಟ ಸುರಕ್ಷಾ ಪೈಪನ್ನೇ ಬಳಸಿ, ಅದು ಓವನ್‌ನ ಕೆಳಗೆ ಹಾಯದಂತೆ ನೋಡಿಕೊಳ್ಳಿ, ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಿ. ಸೋರಿಕೆ ನಿಲ್ಲದಿದ್ದರೆ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು.

ಕಟ್ಟಿಗೆಯ ಓವನ್ ಬಯಸುವವರಿಗೆ ಒಂದು ಮಾತು. ಚೆನ್ನಾಗಿ ಒಣಗಿದ ಜಾಲಿ ಕಟ್ಟಿಗೆಯನ್ನು ಹೆಬ್ಬೆರಳಿನ ದಪ್ಪಕ್ಕೆ ಸೀಳಿ ಬಳಸಿದರೆ ಉರಿ ನಿಲ್ಲುತ್ತದೆ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ನಮ್ಮ ಜಿಲ್ಲೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಹೊತ್ತಿಸಲು ಒಳ್ಳೆಯದು, ಆದರೆ ಬೇಗ ಉರಿದು ಬೂದಿ ತುಂಬುವುದರಿಂದ ಅದೊಂದನ್ನೇ ನಂಬಿ ಬೇಯಿಸಲಾಗದು. ಬಣ್ಣ ಬಳಿದ ಹಲಗೆಯನ್ನೂ ಪ್ಲೈವುಡ್ ತುಂಡನ್ನೂ ಆಹಾರ ಬೇಯುವ ಒಲೆಗೆ ಹಾಕಲೇಬಾರದು. ಕಟ್ಟಿಗೆಯಲ್ಲಿ ಉರಿ ಕಾಯಲು ಒಬ್ಬರು, ಪಿಜ್ಜಾ ತಟ್ಟಲು ಒಬ್ಬರು ಬೇಕು. ಒಬ್ಬರೇ ಮಾಡುವವರು ಮೊದಲ ಓವನ್‌ಗೆ ಗ್ಯಾಸನ್ನೇ ಆರಿಸಿಕೊಳ್ಳಲಿ.

ಹಂತ 4: ಓವನ್ನನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿ

ಅಳತೆಪಟ್ಟಿ, ಸಣ್ಣ ಅಯಸ್ಕಾಂತ ಮತ್ತು ಟಾರ್ಚ್ ಇವಿಷ್ಟು ಜೇಬಿನಲ್ಲಿರಲಿ. ಆನ್‌ಲೈನ್‌ನಲ್ಲಿ ತರಿಸಿದವರು ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಬೇಕು.

ಮೊದಲು ಕಲ್ಲಿನ ದಪ್ಪ. ಇಂಥ ಓವನ್‌ಗಳಲ್ಲಿ ಸಾಮಾನ್ಯವಾಗಿ ಕಾರ್ಡಿಯರೈಟ್ ಕಲ್ಲು ಇರುತ್ತದೆ. ಶಾಖದ ಏರಿಳಿತಕ್ಕೆ ಬೇಗ ಸೀಳುವುದಿಲ್ಲ ಎಂಬುದೇ ಅದರ ಗುಣ. ದಪ್ಪ ಹತ್ತು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಬೇಡ ಎನ್ನಿ. ಹದಿನೈದು ಮಿಲಿಮೀಟರಿನ ಕಲ್ಲು ಹತ್ತರ ಕಲ್ಲಿಗಿಂತ ಅಷ್ಟೇ ಜಾಗದಲ್ಲಿ ಒಂದೂವರೆ ಪಟ್ಟು ಶಾಖ ಹಿಡಿದಿಡುತ್ತದೆ, ಕಾಯಲು ಅಷ್ಟೇ ಹೆಚ್ಚು ಹೊತ್ತನ್ನೂ ತೆಗೆದುಕೊಳ್ಳುತ್ತದೆ. ಹೆಸರು ಮಾಡಿದ ಓವನ್‌ಗಳಲ್ಲಿಯೂ ಈ ವ್ಯತ್ಯಾಸವಿದೆ: ಊನಿ ಕಂಪನಿಯ ಕೋಡಾ 12ರಲ್ಲಿ ಕಲ್ಲು 10 ಮಿಲಿಮೀಟರ್, ಅದೇ ಕಂಪನಿಯ ಕೋಡಾ 16ರಲ್ಲಿ 15 ಮಿಲಿಮೀಟರ್. ಆದ್ದರಿಂದ ಹೆಸರಿಗೆ ಹಣ ಕೊಟ್ಟರೆ ದಪ್ಪ ಕಲ್ಲು ಬಂದೇ ಬರುತ್ತದೆ ಎಂದು ತಿಳಿಯಬಾರದು.

ಎರಡನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಕಲ್ಲಿನ ಅಡಿಭಾಗ. ಓವನ್ನನ್ನು ಎತ್ತಿ ಟಾರ್ಚ್ ಹಾಕಿ ನೋಡಿ. ಗ್ಯಾಸ್ ಉರಿ ಹಿಂಬದಿಯಿಂದ ಎದ್ದು ಚಾವಣಿಯನ್ನು ಸವರಿಕೊಂಡು ಬರುವುದರಿಂದ ಕಲ್ಲು ಕಾಯುವುದು ಹೆಚ್ಚಾಗಿ ಮೇಲಿನಿಂದ. ಪಿಜ್ಜಾ ಕುಳಿತಿರುವಷ್ಟು ಹೊತ್ತು ಅದರ ಕೆಳಗಿನ ಕಲ್ಲಿಗೆ ಹೊಸ ಶಾಖ ಸಿಗುವುದಿಲ್ಲ. ಇರುವುದನ್ನು ಹಿಟ್ಟಿಗೆ ಕೊಡುತ್ತಿರುತ್ತದೆ. ಅದೇ ಹೊತ್ತಿನಲ್ಲಿ ಅಡಿಯಲ್ಲಿ ಬರೀ ಒಂಟಿ ತಗಡು ಇದ್ದರೆ ಕಲ್ಲು ಕೆಳಕ್ಕೂ ಶಾಖ ಕಳೆದುಕೊಳ್ಳುತ್ತದೆ. ದುಬಾರಿ ಓವನ್‌ನಲ್ಲಿ ನೀವು ಹಣ ಕೊಡಬೇಕಾದದ್ದು ಎರಡು ಪದರದ ಮೈ ಮತ್ತು ಅವುಗಳ ನಡುವೆ ತುಂಬಿದ ಶಾಖನಿರೋಧಕಕ್ಕೆ; ಬಣ್ಣ, ಆಕಾರ, ಬಾಗಿಲ ಮೇಲಿನ ಗಡಿಯಾರದಂಥ ಮಾಪಕ ಇವಕ್ಕೆ ಅಲ್ಲ. ಆ ಮಾಪಕ ತೋರಿಸುವುದು ಒಳಗಿನ ಗಾಳಿಯ ಶಾಖವನ್ನು, ಕಲ್ಲಿನದನ್ನಲ್ಲ.

ತೂಕದಿಂದಲೂ ಅಂದಾಜು ಸಿಗುತ್ತದೆ. ಕೋಡಾ 12 ಒಂಬತ್ತು ಕೆ.ಜಿ.ಗಿಂತ ಸ್ವಲ್ಪ ಹೆಚ್ಚಿದೆ; ಸುತ್ತಲೂ ನಿರೋಧಕವಿರುವ ಗೋಜ್ನಿ ಕಂಪನಿಯ ರಾಕ್‌ಬಾಕ್ಸ್ ಹನ್ನೆರಡು ಇಂಚಿನದ್ದೇ ಆದರೂ ಸುಮಾರು 20 ಕೆ.ಜಿ. ತೂಗುತ್ತದೆ. ಸ್ಟೇನ್‌ಲೆಸ್ ತಗಡಿಗೆ ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅದು 430 ದರ್ಜೆಯಂಥದ್ದು, ಅಂಟದಿದ್ದರೆ ತುಕ್ಕನ್ನು ಇನ್ನೂ ಚೆನ್ನಾಗಿ ತಡೆಯುವ 304 ಇರುವ ಸಂಭವ ಹೆಚ್ಚು. ಕರಾವಳಿಯಷ್ಟು ತೇವ ಇಲ್ಲದ ನಮ್ಮ ಹವೆಯಲ್ಲಿ, ಮಳೆಗೆ ನೆನೆಯದಂತೆ ಇಟ್ಟರೆ 430 ಸಾಕು. 304ಕ್ಕಾಗಿ ಹೆಚ್ಚು ಬೆಲೆ ಕೊಡಬೇಕಿಲ್ಲ.

ಬಾಯಿಯ ಎತ್ತರವನ್ನೂ ಅಳೆಯಿರಿ. ಬಾಯಿ ಚಾವಣಿಯಷ್ಟೇ ಎತ್ತರವಿದ್ದರೆ ಶಾಖವೆಲ್ಲ ಮುಂದಿನಿಂದ ಹೊರಟುಹೋಗುತ್ತದೆ.

ಕೊನೆಯದಾಗಿ, ಬರ್ನರ್, ಕಲ್ಲು ಮತ್ತು ಹೊತ್ತಿಸುವ ಗುಂಡಿ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಅಗ್ಗದ ಓವನ್‌ನ ತಗಡು ಸೊಟ್ಟಗಾದರೆ ನಮ್ಮೂರಿನ ವೆಲ್ಡಿಂಗ್ ಅಂಗಡಿಯವರು ಸರಿಮಾಡಿಕೊಡುತ್ತಾರೆ. ದುಬಾರಿ ಓವನ್‌ನ ಬರ್ನರಿಗಾಗಿ ನನ್ನ ಪರಿಚಯದವರೊಬ್ಬರು ಎರಡು ತಿಂಗಳು ಕಾದರು. ವಾರಂಟಿ ಎಷ್ಟು ವರ್ಷ ಎಂಬುದಕ್ಕಿಂತ, ಕೆಟ್ಟರೆ ಓವನ್ನನ್ನು ಬೆಂಗಳೂರಿಗೆ ಯಾರ ಖರ್ಚಿನಲ್ಲಿ ಕಳಿಸಬೇಕು ಎಂಬ ಪ್ರಶ್ನೆಯೇ ಹೆಚ್ಚು ಉಪಯುಕ್ತ.

ಹಂತ 5: ಜೊತೆಗೆ ಬೇಕಾಗುವ ಸಾಮಾನು

ಓವನ್‌ನ ಬೆಲೆಗೆ ಇವನ್ನೂ ಸೇರಿಸಿ: ಮುಟ್ಟದೆ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ಪಿಜ್ಜಾ ಒಳಗಿಡಲು ಮರದ ಪೀಲ್ (ಉದ್ದ ಹಿಡಿಯ ಚಪ್ಪಟೆ ಹಲಗೆ), ತಿರುಗಿಸಲು ಸಣ್ಣ ದುಂಡನೆಯ ತಗಡಿನ ಪೀಲ್, ಚರ್ಮದ ಕೈಗವಸು, ಮಳೆಹೊದಿಕೆ. ಥರ್ಮಾಮೀಟರ್ 500 ಡಿಗ್ರಿಯವರೆಗೆ ಓದುವಂತಿರಬೇಕು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯಲು ಕೊಂಡ ಉಪಕರಣ ಇದಕ್ಕೆ ನಡೆಯುವುದಿಲ್ಲ.

ಹಣ ಸೀಮಿತವಾಗಿದ್ದರೆ ಥರ್ಮಾಮೀಟರ್ ಇಲ್ಲದ ದುಬಾರಿ ಓವನ್‌ಗಿಂತ ಥರ್ಮಾಮೀಟರ್ ಇರುವ ಅಗ್ಗದ ಓವನ್ ಒಳ್ಳೆಯ ಪಿಜ್ಜಾ ಕೊಡುತ್ತದೆ. ಇದನ್ನು ನಾನು ಹಲವು ಮನೆಗಳಲ್ಲಿ ನೋಡಿಯೇ ಹೇಳುತ್ತಿದ್ದೇನೆ.

ಹಂತ 6: ಮೊದಲ ಉರಿ

ಮೊದಲ ದಿನ ಅಡುಗೆ ಬೇಡ. ಕಲ್ಲನ್ನು ಒಣಬಟ್ಟೆಯಿಂದ ಒರೆಸಿ, ಹದಿನೈದು ನಿಮಿಷ ಸಣ್ಣ ಉರಿ, ಆಮೇಲೆ ಅರ್ಧ ಗಂಟೆ ದೊಡ್ಡ ಉರಿ ಕೊಡಿ. ತಯಾರಿಕೆಯ ಎಣ್ಣೆ ಸುಟ್ಟು ಸ್ವಲ್ಪ ಹೊಗೆ ಮತ್ತು ವಾಸನೆ ಬರುವುದು ಸಹಜ. ಕಲ್ಲಿನಲ್ಲಿ ತೇವ ಇದ್ದಾಗ ಒಮ್ಮೆಲೇ ದೊಡ್ಡ ಉರಿ ಕೊಟ್ಟರೆ ಅದು ಸೀಳಬಹುದು. ಅದಕ್ಕಾಗಿಯೇ ಈ ನಿಧಾನ.

ಹಂತ 7: ನಾಲ್ಕು ಪಿಜ್ಜಾಗಳ ಪರೀಕ್ಷೆ

ಹಿಟ್ಟು ಒಂದೇ ಬಗೆಯದ್ದಾಗಿರಬೇಕು, ಇಲ್ಲದಿದ್ದರೆ ತಪ್ಪು ಓವನ್‌ನದ್ದೋ ಹಿಟ್ಟಿನದ್ದೋ ತಿಳಿಯುವುದಿಲ್ಲ. ಮೈದಾ 600 ಗ್ರಾಂ, ನೀರು 360 ಗ್ರಾಂ, ಉಪ್ಪು 15 ಗ್ರಾಂ, ಒಣ ಈಸ್ಟ್ ಒಂದೆರಡು ಗ್ರಾಂ. ಇದರಲ್ಲಿ ಸುಮಾರು 240 ಗ್ರಾಂನ ನಾಲ್ಕು ಉಂಡೆಗಳಾಗುತ್ತವೆ. ಸಕ್ಕರೆ ಹಾಕಬೇಡಿ, ಈ ಶಾಖಕ್ಕೆ ಅದು ಮೊದಲು ಕರಕಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹಿಟ್ಟು ನೋಡನೋಡುತ್ತಲೇ ಉಬ್ಬಿ ಹುಳಿಯಾಗುವುದರಿಂದ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ತಟ್ಟುವ ಒಂದು ಗಂಟೆ ಮೊದಲು ಹೊರತೆಗೆಯಿರಿ.

ಈಗ ಪೂರ್ಣ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿ. ಥರ್ಮಾಮೀಟರನ್ನು ಉರಿಯ ಮೂಲಕ ಹಾಯಿಸದೆ, ಕಲ್ಲಿನ ನಡು, ಹಿಂದು, ಮುಂದು ಎಂದು ಮೂರು ಕಡೆ ಓದಿ ಬರೆದುಕೊಳ್ಳಿ. ನೇಪಲ್ಸ್ ಶೈಲಿಯವರು ಕಲ್ಲನ್ನು 400 ಡಿಗ್ರಿಯ ಆಸುಪಾಸಿಗೆ ಒಯ್ದು ಒಂದೂವರೆ ನಿಮಿಷದೊಳಗೆ ಬೇಯಿಸುತ್ತಾರೆ. ನಮ್ಮ ಅಂಗಡಿಯ ಮೈದಾಗೂ ಹೊಸ ಕೈಗೂ ನಡುಭಾಗ 340ರಿಂದ 360 ಇದ್ದರೆ ಸುರಕ್ಷಿತ; ಎರಡು ಎರಡೂವರೆ ನಿಮಿಷದಲ್ಲಿ ಬೇಯುತ್ತದೆ.

ಪಿಜ್ಜಾ ಒಳಗಿಡುವ ಮೊದಲು ಉರಿಯನ್ನು ಅರ್ಧಕ್ಕೆ ಇಳಿಸಿ. ಹೆಚ್ಚಿನವರು ತಪ್ಪುವುದು ಈ ಒಂದು ಕೆಲಸವನ್ನು. ಪೂರ್ಣ ಉರಿಯಲ್ಲಿ ಮೇಲ್ಭಾಗ ಮೊದಲು ಸುಡುತ್ತದೆ, ಹೆದರಿ ಹೊರತೆಗೆಯುತ್ತೀರಿ, ತಳ ಹಸಿಯಾಗಿಯೇ ಉಳಿಯುತ್ತದೆ. ಪೀಲ್‌ನ ಮೇಲೆ ಚಿಟಿಕೆ ಚಿರೋಟಿ ರವೆ ಉದುರಿಸಿ, ಪಿಜ್ಜಾ ಜಾರುತ್ತದೆಯೇ ಎಂದು ಅಲ್ಲಾಡಿಸಿ ನೋಡಿ, ಆಮೇಲೆ ಒಳಗಿಡಿ. ಅರ್ಧ ನಿಮಿಷ ಮುಟ್ಟಬೇಡಿ. ನಂತರ ಇಪ್ಪತ್ತು ಸೆಕೆಂಡಿಗೊಮ್ಮೆ ಕಾಲು ಸುತ್ತು ತಿರುಗಿಸಿ.

ಪಿಜ್ಜಾ ತೆಗೆದ ಕೂಡಲೇ ಅದು ಕುಳಿತಿದ್ದ ಜಾಗದ ಶಾಖ ಓದಿ, ಉರಿ ಪೂರ್ಣಕ್ಕೆ ಏರಿಸಿ, ಮತ್ತೆ 340 ಮುಟ್ಟಲು ಎಷ್ಟು ನಿಮಿಷ ಎಂದು ಬರೆಯಿರಿ. ನಾಲ್ಕೂ ಪಿಜ್ಜಾಗಳಿಗೆ ಹೀಗೆಯೇ ಮಾಡಬೇಕು. ಮೊದಲ ಪಿಜ್ಜಾದ ಅಂಕಿ ಎಲ್ಲ ಓವನ್‌ಗಳಲ್ಲಿಯೂ ಚೆನ್ನಾಗಿ ಕಾಣುತ್ತದೆ. ಮೂರನೆಯ ಮತ್ತು ನಾಲ್ಕನೆಯ ಅಂಕಿಗಳನ್ನು ನೋಡಿ ತೀರ್ಮಾನಿಸಿ. ಒಂಟಿ ತಗಡಿನ ನನ್ನ ಓವನ್‌ನಲ್ಲಿ ಈ ಕಾಯುವಿಕೆ ಆರೇಳು ನಿಮಿಷಕ್ಕೆ ನಿಂತಿತು. ನಿರೋಧಕವಿದ್ದ ಗೆಳೆಯರ ಓವನ್‌ನಲ್ಲಿ ಮೂರಕ್ಕೆ. ನಾಲ್ವರ ಮನೆಯಲ್ಲಿ ಮುಂದಿನ ಉಂಡೆ ತಟ್ಟಿ, ಮೇಲೆ ಹಾಕುವುದನ್ನು ಹಾಕಿ, ಮೊದಲನೆಯದನ್ನು ಹೋಳು ಮಾಡುವಷ್ಟರಲ್ಲಿ ಆರು ನಿಮಿಷ ಹೇಗೂ ಕಳೆದಿರುತ್ತದೆ. ಆದ್ದರಿಂದ ನಾನು ಅಗ್ಗದ್ದನ್ನೇ ಇಟ್ಟುಕೊಂಡಿದ್ದೇನೆ.

ನಾಲ್ಕನೆಯ ಪಿಜ್ಜಾಕ್ಕೆ ಹತ್ತು ನಿಮಿಷ ದಾಟಿದರೆ, ಅಥವಾ ಅರ್ಧ ಗಂಟೆ ಕಾಯಿಸಿದರೂ ನಡುಭಾಗ 300 ಮುಟ್ಟದಿದ್ದರೆ, ಗಾಳಿಯಿಲ್ಲದ ಇನ್ನೊಂದು ಸಂಜೆ ಪರೀಕ್ಷೆಯನ್ನು ಮತ್ತೆ ಮಾಡಿ. ಆಗಲೂ ಹಾಗೆಯೇ ಆದರೆ ಆ ಓವನ್ನನ್ನು ಹಿಂದಿರುಗಿಸಿ. ಹನ್ನೆರಡು ಪಿಜ್ಜಾಗಳ ಸಂಜೆ ತಿಂಗಳಿಗೆ ಎರಡು ಸಲವಾದರೂ ಇರುವ ಮನೆಗೆ, ಮೂರು ನಾಲ್ಕು ನಿಮಿಷದಲ್ಲಿ ಏರುವ ದುಬಾರಿ ಓವನ್‌ಗೆ ಹಣ ಹಾಕುವುದು ನ್ಯಾಯವೇ.

ಹಂತ 8: ಲಕ್ಷಣ ನೋಡಿ ತಪ್ಪು ಗುರುತಿಸಿ

ತಳ ಕರಕಲಾಗಿ ಮೇಲ್ಭಾಗ ಬೆಳ್ಳಗಿದ್ದರೆ ಕಲ್ಲು ಅತಿಯಾಗಿ ಕಾದಿದೆ. ಉರಿ ಇಳಿಸಿ ಕಾಯಿರಿ. ಕಲ್ಲಿನ ಮೇಲೆ ನೀರು ಚಿಮುಕಿಸಬೇಡಿ. ದೋಸೆ ಕಾವಲಿಯ ಅಭ್ಯಾಸ ಇಲ್ಲಿ ಕಲ್ಲನ್ನು ಸೀಳಿಸುತ್ತದೆ. ಎಣ್ಣೆ ಸವರುವುದು, ಸೋಪಿನಿಂದ ತೊಳೆಯುವುದು ಕೂಡ ಸಲ್ಲದು. ಉದುರಿದ ಹಿಟ್ಟು ಸುಟ್ಟರೆ ಮುಂದಿನ ಪಿಜ್ಜಾ ಕಹಿಯಾಗುತ್ತದೆ, ಆದ್ದರಿಂದ ಪ್ರತಿ ಸಲವೂ ಗುಡಿಸಿ. ಎಳೆ ಉದುರುವ ತಂತಿ ಬ್ರಷ್ ಮಾತ್ರ ಬೇಡ.

ಉರಿ ಹಳದಿಯಾಗಿ ಮಸಿ ಹಿಡಿಯುತ್ತಿದ್ದರೆ ಬರ್ನರಿನ ಗಾಳಿದಾರಿ ಕಟ್ಟಿದೆ ಎಂದು ತಿಳಿಯಬೇಕು. ಜೇಡ ಅಥವಾ ಕಣಜ ಗೂಡು ಕಟ್ಟಿರುವುದೂ ಉಂಟು. ‘ಪಟ್’ ಎಂದು ಸದ್ದಾಗಿ ಉರಿ ಬರ್ನರಿನೊಳಗೆ ಹಿಂದಕ್ಕೆ ಹೋದರೆ ತಕ್ಷಣ ಆರಿಸಿ, ಪೂರ್ತಿ ತಣಿಯುವವರೆಗೆ ಮತ್ತೆ ಹಚ್ಚಬೇಡಿ. ಉರಿ ಸೊರಗಿ ಸಿಲಿಂಡರಿನ ಮೈ ಬೆವರುತ್ತಿದ್ದರೆ ಗ್ಯಾಸ್ ಬೇಗ ಆವಿಯಾಗಿ ಸಿಲಿಂಡರ್ ತಣ್ಣಗಾಗಿದೆ, ಒಳಗಿನ ಒತ್ತಡ ಇಳಿದಿದೆ; ಓವನ್ ಕೆಟ್ಟಿದೆ ಎಂದು ತಿಳಿಯಬೇಕಿಲ್ಲ. ಬೇಗ ಕಾಯಲೆಂದು ಗ್ಯಾಸ್ ಉರಿಯುತ್ತಿರುವಾಗ ಬಾಯಿಗೆ ಮುಚ್ಚಳ ಹಾಕುವುದು ಅತ್ಯಂತ ಅಪಾಯಕರ. ತಯಾರಕರು ಸ್ಪಷ್ಟವಾಗಿ ಅನುಮತಿಸಿದ ಓವನ್‌ಗಳನ್ನು ಬಿಟ್ಟರೆ ಬೇರೆ ಯಾವುದರಲ್ಲಿಯೂ ಅದನ್ನು ಮಾಡಕೂಡದು.

ಒಂಟಿ ತಗಡಿನ ಓವನ್‌ನ ಹೊರಮೈ ಕೈ ಸುಡುವಷ್ಟು ಕಾಯುತ್ತದೆ. ಮನೆಯಲ್ಲಿ ಓಡಾಡುವ ಚಿಕ್ಕ ಮಕ್ಕಳಿದ್ದರೆ, ಪರೀಕ್ಷೆಯ ಅಂಕಿಗಳು ಏನೇ ಹೇಳಲಿ, ನಿರೋಧಕವಿರುವ ಓವನ್ನನ್ನೇ ತನ್ನಿ, ಅಥವಾ ಒಲೆಯ ಸುತ್ತ ಮಕ್ಕಳು ದಾಟಲಾಗದ ಅಡ್ಡಗಟ್ಟೆ ಹಾಕಿಸಿ.

ಹಂತ 9: ಮಳೆಗಾಲದ ಮೊದಲು

ಬಿಸಿಯಿರುವಾಗ ಹೊದಿಕೆ ಹಾಕಬಾರದು. ಎರಡು ಗಂಟೆಯಾದರೂ ತಣಿಯಲಿ. ಜೂನ್ ಬರುವ ಮೊದಲು ಕಲ್ಲನ್ನು ತೆಗೆದು ಮನೆಯೊಳಗೆ ಒಣಜಾಗದಲ್ಲಿಡಿ, ಬರ್ನರಿನ ತೂತುಗಳಿಗೆ ಬಟ್ಟೆ ಕಟ್ಟಿ. ದಸರಾದ ಹೊತ್ತಿಗೆ ಮತ್ತೆ ಹಚ್ಚುವಾಗ ಬಟ್ಟೆ ಬಿಚ್ಚಿ, ಪೈಪಿನ ಬಿರುಕು ನೋಡಿ, ಸೋಪಿನ ನೊರೆಯ ಪರೀಕ್ಷೆ ಮಾಡಿ, ಆರನೆಯ ಹಂತದ ಸಣ್ಣ ಉರಿಯಿಂದಲೇ ಆರಂಭಿಸಿ.